ಹಳೇ ಪದ್ಮಿನಿಯ ಡೋರ್ ಪ್ಯಾಡ್‌ಗೆ ಹೊಸ ಬಣ್ಣ: ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಹಳೇ ಕಾರಿಗೆ ಟಿಂಕರಿಂಗ್ ಆಯಿತು, ಪೇಂಟಿಂಗ್ ಆಯಿತು, ಎಂಜಿನ್ ಕೆಲಸವೂ ಮುಗಿಯಿತು. ಕೊನೆಗೆ ಒಳಗೆ ಕೂತಾಗ ಕಣ್ಣಿಗೆ ಹೊಡೆಯುವುದು ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮೈಗೆ ಕೂರಿಸಿದ, ಹಾರ್ಡ್‌ಬೋರ್ಡಿನ ಮೇಲೆ ವಿನೈಲ್ ಹೊದಿಸಿದ ಹಲಗೆ. ಕಿಟಕಿ ಕಡೆ ಬಿಳಚಿಕೊಂಡಿರುತ್ತದೆ, ಕೈ ಒರಗುವ ಕಡೆ ಜಿಡ್ಡು ಹಿಡಿದು ಕಪ್ಪಗಾಗಿರುತ್ತದೆ, ಕೆಳಗೆ ಬೂಟಿನ ಗೀರು. ಸೀಟ್ ಕವರ್ ಅಂಗಡಿಗೆ ಹೋದರೆ ಒಂದೇ ಮಾತು: "ಬಿಸಾಕಿ ಸಾರ್, ಹೊಸ ರೆಕ್ಸಿನ್ ಹಾಕಿಕೊಡ್ತೀವಿ."

ದಯವಿಟ್ಟು ಬಿಸಾಕಬೇಡಿ. ಹಳೇ ಪ್ಯಾಡ್ ಮೇಲೆ ಉದ್ದುದ್ದ ಗೀರುಗಳು, ಚೌಕಟ್ಟುಗಳು ಒತ್ತಿದ ಹಾಗೆ ಕಾಣುತ್ತವಲ್ಲ, ಅದು ಹೊಲಿಗೆ ಅಲ್ಲ. ಫ್ಯಾಕ್ಟರಿಯಲ್ಲಿ ಅಚ್ಚು ಇಟ್ಟು, ಶಾಖ ಕೊಟ್ಟು ವಿನೈಲನ್ನು ಒತ್ತಿ ಮಾಡಿದ ಕೆಲಸ. ಆ ಅಚ್ಚು ಯಾವ ಅಂಗಡಿಯವರ ಹತ್ತಿರವೂ ಇರುವುದಿಲ್ಲ. ಅವರು ಎಷ್ಟೇ ಚೆನ್ನಾಗಿ ಹೊಲಿದುಕೊಟ್ಟರೂ ಅದು ಬೇರೆ ಕಾರಿನ ಬಾಗಿಲಿನ ಹಾಗೆ ಕಾಣುತ್ತದೆ. ಒಮ್ಮೆ ಕಿತ್ತು ಹಾಕಿದರೆ ಮತ್ತೆ ಸಿಗದ ಸಾಮಾನು ಅದು. ಬಣ್ಣವನ್ನಾದರೆ ನಾವೇ ಬದಲಾಯಿಸಬಹುದು.

ಇಲ್ಲಿ ನಾನು ಪ್ರೀಮಿಯರ್ ಪದ್ಮಿನಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಮುಂಬೈನ ಕುರ್ಲಾದಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಅನ್ನುವ ಹೆಸರಲ್ಲಿ ಬಂದು, 1974ರಿಂದ ಪದ್ಮಿನಿ ಆದ ಕಾರು. ನಮ್ಮ ಕಡೆ ಈಗಲೂ ಎಷ್ಟೋ ಮನೆಯವರು ಇದನ್ನು ಫಿಯೆಟ್ ಅಂತಲೇ ಕರೆಯುತ್ತಾರೆ. ಆದರೆ ವಿಧಾನ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ. ಅಂಬಾಸಿಡರ್, ಕಾಂಟೆಸ್ಸಾ, ಸ್ಟ್ಯಾಂಡರ್ಡ್ ಹೆರಾಲ್ಡ್, ಹೊರದೇಶದಲ್ಲಿ ಇರುವವರ ಹತ್ತಿರ ಬೀಟಲ್ಲೋ ಮಸ್ಟಾಂಗೋ ಇದ್ದರೆ ಅದು, ಯಾವುದಾದರೂ ಸರಿ, ಒಳಗಿನ ಪ್ಯಾನಲ್ ವಿನೈಲ್ ಆಗಿದ್ದರೆ ಸಾಕು.

ಮೊದಲು ಸಾಮಾನು ಯಾವುದು ಅಂತ ತಿಳಿದುಕೊಳ್ಳಿ

ನಾವು ರೆಕ್ಸಿನ್ ಅನ್ನುವುದು ಬಹುತೇಕ ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ ವಿನೈಲ್. ಪಿವಿಸಿ ಸ್ವತಃ ಗಟ್ಟಿ ವಸ್ತು, ನೀರಿನ ಪೈಪಿನಲ್ಲಿ ಇರುವುದೂ ಅದೇ. ಅದನ್ನು ಮೆತ್ತಗೆ ಮಾಡುವುದಕ್ಕೆ ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥ ರಾಸಾಯನಿಕ ಸೇರಿಸಿರುತ್ತಾರೆ. ವರ್ಷಾನುಗಟ್ಟಲೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ನಿಧಾನವಾಗಿ ಹೊರಗೆ ಹೋಗುತ್ತದೆ. ವಿಂಡ್‌ಶೀಲ್ಡಿನ ಒಳಭಾಗದಲ್ಲಿ ಬೆರಳಾಡಿಸಿದರೆ ಎಣ್ಣೆ ಪಸೆ ಹತ್ತುತ್ತದಲ್ಲ, ಅದರಲ್ಲಿ ಇದರ ಪಾಲೂ ಇರುತ್ತದೆ. ಹೋದ ಪ್ಲಾಸ್ಟಿಸೈಸರನ್ನು ಯಾವ ಬಣ್ಣವೂ ವಾಪಸ್ ತರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ನಿರಾಸೆ ಇಲ್ಲ.

ಹಾಗಾಗಿ ಮೊದಲ ಪರೀಕ್ಷೆ ಕೈಯಿಂದ. ಪ್ಯಾಡಿನ ಮೇಲೆ ಹೆಬ್ಬೆರಳು ಒತ್ತಿ ಬಿಡಿ. ಒತ್ತಿದಾಗ ತಗ್ಗಿ, ಬಿಟ್ಟಾಗ ವಾಪಸ್ ಬಂದರೆ ಇನ್ನೂ ಜೀವ ಇದೆ, ಬಣ್ಣ ಹಾಕಬಹುದು. ಒತ್ತಿದಾಗ ಚಟ್ ಅಂತ ಸಣ್ಣ ಸೀಳು ಬಿಟ್ಟರೆ ಆ ಪ್ಯಾಡಿಗೆ ಬಣ್ಣ ದಂಡ. ಬೆರಳಿಗೆ ಅಂಟಂಟು ಹತ್ತಿ, ಒರೆಸಿದ ಮೇಲೂ ಮಾರನೇ ದಿನ ಮತ್ತೆ ಅಂಟಾದರೆ ಪ್ಲಾಸ್ಟಿಸೈಸರ್ ಇನ್ನೂ ಹೊರಗೆ ಬರುತ್ತಿದೆ ಅಂತ ಅರ್ಥ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಇನ್ನೊಂದು ಎಚ್ಚರಿಕೆ ತೀರಾ ಹಳೇ ಕಾರಿನವರಿಗೆ. 1940ರ, 50ರ ದಶಕದ ಇಂಗ್ಲಿಷ್ ಕಾರುಗಳಲ್ಲಿ ಇರುವ ಮೂಲ ರೆಕ್ಸಿನ್ ಪಿವಿಸಿ ಅಲ್ಲದೇ ಇರಬಹುದು. ಆಗಿನದು ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಲೇಪಿಸಿದ್ದು. ಮರೆಯಾದ ಅಂಚಿನಲ್ಲಿ ಹತ್ತಿಗೆ ಒಂದು ಹನಿ ಥಿನ್ನರ್ ಹಾಕಿ ಒತ್ತಿ ನೋಡಿ. ಮೇಲಿನ ಪದರವೇ ಕರಗಿ ಹತ್ತಿಗೆ ಬಂದರೆ ಅದು ಬಹುಶಃ ಆ ಜಾತಿಯದು. ಅದಕ್ಕೆ ಇಲ್ಲಿ ಹೇಳುವ ವಿಧಾನ ಬೇಡ, ಅದು ಬಲ್ಲವರ ಕೈಯಲ್ಲೇ ಆಗಬೇಕಾದ ಕೆಲಸ.

ಬಣ್ಣದ ಆಯ್ಕೆ

ಸುಮ್ನೆ ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸಬೇಡಿ. ಕಿಟಕಿ ಹ್ಯಾಂಡಲ್ ಬಿಚ್ಚಿದಾಗ ಅದರ ಹಿಂದಿನ ಬಿಲ್ಲೆ ಕೂತ ಜಾಗ ನೋಡಿ. ಅಲ್ಲೊಂದು ದುಂಡನೆಯ ಗುರುತು ಇರುತ್ತದೆ, ಬಿಸಿಲು ತಾಗದ ಜಾಗ. ಫ್ಯಾಕ್ಟರಿಯಿಂದ ಬಂದ ದಿನದ ಬಣ್ಣ ಅದು. ಎಷ್ಟೋ ಸಲ ನಾವು ಕಂದು ಅಂದುಕೊಂಡಿದ್ದು ಅಲ್ಲಿ ಒಳ್ಳೇ ಕೆಂಪಾಗಿರುತ್ತದೆ. ಅದನ್ನು ನೋಡಿದ ಮೇಲೆ ಹೊಸ ಬಣ್ಣ ಬೇಡ, ಇದೇ ಇರಲಿ ಅಂತ ಮನಸ್ಸು ಬದಲಾಯಿಸಿದವರನ್ನು ಕಂಡಿದ್ದೇನೆ. ನನ್ನ ಒಲವೂ ಅದಕ್ಕೇ. ಕಾರಿನ ಸ್ವಂತ ಬಣ್ಣಕ್ಕೆ ಅದನ್ನು ವಾಪಸ್ ತರುವುದು ಎಲ್ಲಕ್ಕಿಂತ ಚೆಂದ.

50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಣಿ ಮಾಡಿಸುವ ಯೋಚನೆ ಇದ್ದರಂತೂ ಇದು ಇನ್ನೂ ಮುಖ್ಯ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮ ಕಾರು ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ. ಅಂಥ ಕಾರಿನ ಒಳಗೆ ಬೇರೆ ಬಣ್ಣ ತುಂಬುವ ಮುಂಚೆ ಎರಡು ಸಲ ಯೋಚಿಸಿ.

ಆದರೂ ಬದಲಾಯಿಸಲೇಬೇಕು ಅಂದರೆ ಕೆಲವು ಮಾತು. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಸುಲಭವಾಗಿ ಕೂರುತ್ತದೆ. ಕಪ್ಪಿನ ಮೇಲೆ ಬಿಸ್ಕತ್ ಬಣ್ಣ ಹಾಕುವುದು ಕಷ್ಟ. ಪದರ ಜಾಸ್ತಿ ಬೇಕು, ಆಮೇಲೆ ಒಂದು ಉಗುರು ಗೀಚಿದರೂ ಕೆಳಗಿನ ಕಪ್ಪು ಇಣುಕುತ್ತದೆ. ಸೀಟಿಗೆ ಹೊಸ ರೆಕ್ಸಿನ್ ಹಾಕಿಸುವುದಿದ್ದರೆ ಮೊದಲು ಸೀಟಿನ ರೆಕ್ಸಿನ್ ಕೊಂಡು, ಅದರ ತುಂಡು ಹಿಡಿದುಕೊಂಡು ಪ್ಯಾನಲ್ ಬಣ್ಣ ಹೊಂದಿಸಿ. ಬಣ್ಣವನ್ನು ಹೇಗೆ ಬೇಕಾದರೂ ಮಿಕ್ಸ್ ಮಾಡಿಸಬಹುದು. ರೆಕ್ಸಿನ್ ಮಾತ್ರ ಅಂಗಡಿಯಲ್ಲಿ ಇದ್ದದ್ದೇ ಗತಿ. ಬೆಂಗಳೂರಿನವರು ಕಾರಿನ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದರೆ ತುಂಡನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ತೀರ್ಮಾನ ಮಾಡಬೇಡಿ. ರಸ್ತೆಗೆ ತಂದು ಹಗಲು ಬೆಳಕಲ್ಲಿ ನೋಡಿ. ಒಳಗೆ ಒಂದೇ ಥರ ಕಂಡ ಎರಡು ಬಣ್ಣ ಹೊರಗೆ ಬೇರೆ ಬೇರೆ ಆಗುತ್ತವೆ.

ಹೊಳಪಿನ ವಿಷಯವೂ ಇದೆ. ಹೊಸ ವಿನೈಲ್ ಮಿರಮಿರ ಮಿಂಚುವುದಿಲ್ಲ, ಅದಕ್ಕೆ ತೆಳುವಾದ ಹೊಳಪು ಅಷ್ಟೆ. ಡೋರ್ ಪ್ಯಾಡಿಗೆ ಸ್ಯಾಟಿನ್, ಅಂದರೆ ಅರೆಹೊಳಪು, ಸರಿ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಳಪಿಲ್ಲದ ಮ್ಯಾಟ್ ಮಾತ್ರ, ಅದೂ ಗಾಢ ಬಣ್ಣ. ಅಲ್ಲಿ ಹೊಳಪೋ ತಿಳಿ ಬಣ್ಣವೋ ಬಂದರೆ ಮಧ್ಯಾಹ್ನದ ಹೊತ್ತು ಅದರ ನೆರಳು ವಿಂಡ್‌ಶೀಲ್ಡಿನಲ್ಲಿ ಮೂಡಿ ರಸ್ತೆಯೇ ಸರಿಯಾಗಿ ಕಾಣುವುದಿಲ್ಲ.

ಇನ್ನು ಕಾಗದಪತ್ರ: ಬಾಡಿಯ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ, ಅದನ್ನು ಬದಲಾಯಿಸಲು ಆರ್‌ಟಿಓ ಒಪ್ಪಿಗೆ ಬೇಕು. ಒಳಗಿನ ಬಣ್ಣಕ್ಕೆ ಆ ತಲೆನೋವು ಇಲ್ಲ.

ಏನೇನು ಬೇಕು

ವಿನೈಲಿಗೆಂದೇ ಮಾಡಿದ ಬಣ್ಣ ಬೇಕು. ಅದನ್ನು ವಿನೈಲ್ ಡೈ ಅಂತ ಮಾರುತ್ತಾರೆ. ಅದರಲ್ಲಿರುವ ದ್ರಾವಕ ವಿನೈಲಿನ ಮೇಲ್ಪದರವನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ಬಣ್ಣದಲ್ಲಿರುವ ರಾಳ ಅದರ ಜೊತೆ ಬೆಸೆದುಕೊಳ್ಳುತ್ತದೆ. ಅದಕ್ಕೇ ಬಗ್ಗಿಸಿದರೂ ಚಕ್ಕೆ ಏಳುವುದಿಲ್ಲ. ಸೆಮ್ ಕಲರ್ ಕೋಟ್, ಡುಪ್ಲಿ-ಕಲರ್, ವಿಎಚ್‌ಟಿ ಇವು ಹೊರದೇಶದಲ್ಲಿ ಸುಲಭವಾಗಿ ಸಿಗುವ ಹೆಸರುಗಳು. ಇಲ್ಲಿ ಸಿಗದಿದ್ದರೆ ಎರಡು ದಾರಿ. ಒಂದು, ಲೆದರ್ ಮತ್ತು ವಿನೈಲಿಗೆ ಬರುವ ವಾಟರ್-ಬೇಸ್ಡ್ ಬಣ್ಣ, ಅಂದರೆ ದ್ರಾವಕದ ಬದಲು ನೀರಿನಲ್ಲಿ ಕಲಸಿದ್ದು. ಎರಡು, ಕಾರು ಪೇಂಟ್ ಮಿಕ್ಸ್ ಮಾಡುವ ಅಂಗಡಿಯಲ್ಲಿ ಪಿಯು (ಪಾಲಿಯುರೆಥೇನ್) ಬಣ್ಣಕ್ಕೆ ಅದು ಬಗ್ಗುವಂತೆ ಮಾಡುವ ಫ್ಲೆಕ್ಸ್ ಅಡಿಟಿವ್ ಸೇರಿಸಿ, ಹೊಳಪು ತಗ್ಗಿಸುವ ಮ್ಯಾಟಿಂಗ್ ಏಜೆಂಟ್ ಹಾಕಿಸಿಕೊಂಡು ಸ್ಪ್ರೇ ಗನ್ನಿನಿಂದ ಹೊಡೆಯುವುದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪ್ರೇ ಡಬ್ಬಿ ಮಾತ್ರ ಬೇಡ. ಮೊದಲ ತಿಂಗಳು ಚೆನ್ನಾಗೇ ಕಾಣುತ್ತದೆ. ಆಮೇಲೆ ವಿನೈಲ್ ಬಿಸಿಲಿಗೆ ಹಿಗ್ಗುತ್ತದೆ, ಬಣ್ಣ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಅದನ್ನು ತೆಗೆಯಲು ಹೋದರೆ ಪ್ಯಾಡೇ ಹಾಳು.

ಜೊತೆಗೆ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಮೇಲ್ಮೈಯನ್ನು ಹಗುರವಾಗಿ ಉಜ್ಜುವ ಬೂದು ಬಣ್ಣದ ನುಣುಪಾದ ಸ್ಕಫ್ ಪ್ಯಾಡ್, ಐಸೋಪ್ರೊಪೈಲ್ ಆಲ್ಕೋಹಾಲ್, ಪೇಂಟರ್‌ಗಳು ಬಳಸುವ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್, ನೂಲು ಬಿಡದ ಬಿಳಿ ಬಟ್ಟೆ, ಮಾಸ್ಕಿಂಗ್ ಟೇಪ್. ಮೂಗಿಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕೇ ಬೇಕು. ಬಟ್ಟೆ ಮಾಸ್ಕು, ಕರ್ಚೀಫು ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಹಾರ್ಡನರ್ ಬೆರೆಸುವ ಪಿಯು ಬಣ್ಣದಲ್ಲಿ ಐಸೋಸಯನೇಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ನಿಜವಾಗಿಯೂ ಅಪಾಯ. ಅದನ್ನು ಮನೆಯಲ್ಲಿ ಹೊಡೆಯುವ ಬದಲು ಬೂತ್ (ಬಣ್ಣ ಹೊಡೆಯಲೆಂದೇ ಮಾಡಿದ ಕೋಣೆ) ಇರುವ ಪೇಂಟರ್ ಹತ್ತಿರ ಹೊಡೆಸಿಕೊಳ್ಳಿ. ತೊಳೆಯುವ ಕೆಲಸ ಮಾತ್ರ ನೀವೇ ಮಾಡಿಕೊಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಡಬ್ಬಿಗಳನ್ನು ಒಟ್ಟಿಗೇ ಕೊಂಡು, ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಲೆಕ್ಕಕ್ಕಿಂತ ಒಂದು ಜಾಸ್ತಿಯೇ ಇರಲಿ.

ಬಿಚ್ಚುವುದು

ಪ್ಯಾಡನ್ನು ಬಾಗಿಲಲ್ಲೇ ಬಿಟ್ಟು ಬಣ್ಣ ಹೊಡೆಯಬೇಡಿ. ಅಂಚುಗಳು ಉಳಿದುಹೋಗುತ್ತವೆ, ಅಲ್ಲಿಂದಲೇ ಸುಲಿಯಲು ಶುರುವಾಗುತ್ತದೆ.

ಮೊದಲು ಎಲ್ಲಾ ಕೋನದಿಂದ ಫೋಟೋ ತೆಗೆದುಕೊಳ್ಳಿ. ಕಿಟಕಿ ಏರಿಸುವ ಹ್ಯಾಂಡಲ್ಲು, ಬಾಗಿಲು ತೆಗೆಯುವ ಹ್ಯಾಂಡಲ್ಲು ಆ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೋ ಪಿನ್ನಿನಿಂದ ಇಲ್ಲವೇ ಕುದುರೆ ಲಾಳದ ಆಕಾರದ ಕ್ಲಿಪ್ಪಿನಿಂದ ನಿಂತಿರುತ್ತವೆ. ಹಿಂದಿನ ಬಿಲ್ಲೆಯನ್ನು ಪ್ಯಾಡಿನ ಕಡೆಗೆ ಒತ್ತಿ ಹಿಡಿದು ಟಾರ್ಚ್ ಬಿಟ್ಟರೆ ಯಾವುದು ಅಂತ ಕಾಣುತ್ತದೆ. ಪಿನ್ನಾದರೆ ಸಣ್ಣ ಮೊಳೆ ಇಟ್ಟು ಮೆಲ್ಲಗೆ ತಳ್ಳಿ. ಕ್ಲಿಪ್ಪಾದರೆ ಬಟ್ಟೆಯ ಪಟ್ಟಿಯೊಂದನ್ನು ಬಿಲ್ಲೆಗೂ ಹ್ಯಾಂಡಲ್ಲಿಗೂ ನಡುವೆ ತೂರಿಸಿ ಅತ್ತಿತ್ತ ಎಳೆದರೆ ಹಾರಿ ಬರುತ್ತದೆ. ಹಾರಿದ್ದು ಎಲ್ಲಿ ಬಿತ್ತು ಅಂತ ಹುಡುಕುವುದೇ ದೊಡ್ಡ ಕೆಲಸ ಆಗಬಾರದು ಅಂದರೆ ಕೆಳಗೊಂದು ಹಳೇ ಬೆಡ್‌ಶೀಟ್ ಹಾಸಿ.

ಪ್ಯಾಡ್ ಅಂಚಿನಲ್ಲಿ ಕ್ಲಿಪ್ಪುಗಳು ಇರುತ್ತವೆ. ಅಗಲವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಸರಿಯಾಗಿ ಕ್ಲಿಪ್ಪಿನ ಪಕ್ಕದಲ್ಲೇ ಮೀಟಿ. ಎರಡು ಕ್ಲಿಪ್ಪಿನ ನಡುವೆ ಮೀಟಿದರೆ ಹಾರ್ಡ್‌ಬೋರ್ಡ್ ಹರಿಯುತ್ತದೆ. ಮಿರುಗುವ ಬೀಡಿಂಗ್ ಇದ್ದರೆ ಹಿಂದೆ ಮಡಚಿದ ಸಣ್ಣ ನಾಲಗೆಗಳನ್ನು ಒಮ್ಮೆ ಮಾತ್ರ ನೆಟ್ಟಗೆ ಮಾಡಿ ಬಿಚ್ಚಿ. ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತವೆ.

ಪ್ಯಾಡ್ ತೆಗೆದ ಮೇಲೆ ಬಾಗಿಲಿನ ತಳ ನೋಡಿ. ಕಿಟಕಿ ಗಾಜಿನ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಹೊರಗೆ ಹೋಗಲು ತಳದಲ್ಲಿ ತೂತು ಇರುತ್ತವೆ. ಅವು ಮಣ್ಣು ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ಹಾರ್ಡ್‌ಬೋರ್ಡ್ ನೆನೆದ ಹಪ್ಪಳದ ಹಾಗೆ ಡೊಂಕಾಗುತ್ತದೆ. ತೂತು ಬಿಡಿಸಿ. ಪ್ಯಾಡಿಗೂ ಬಾಗಿಲಿಗೂ ನಡುವೆ ಇರಬೇಕಾದ ಪ್ಲಾಸ್ಟಿಕ್ ಹಾಳೆ ಹೆಚ್ಚಿನ ಕಾರುಗಳಲ್ಲಿ ಯಾರೋ ಮೆಕ್ಯಾನಿಕ್ ಯಾವತ್ತೋ ಕಿತ್ತುಹಾಕಿರುತ್ತಾರೆ. ದಪ್ಪ ಪಾಲಿಥೀನ್ ಹಾಳೆ ಕತ್ತರಿಸಿ ಹೊಸದು ಅಂಟಿಸಿ, ಕೆಳಗಿನ ಅಂಚು ಬಾಗಿಲಿನ ಒಳಕ್ಕೆ ಇಳಿಯುವ ಹಾಗೆ ಇರಲಿ. ಇದನ್ನು ಬಿಟ್ಟು ಬರೀ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ತೊಳೆಯುವುದು: ಇದೇ ನಿಜವಾದ ಕೆಲಸ

ಬಣ್ಣ ಹೊಡೆಯುವುದು ಒಂದು ಬೆಳಗಿನ ಕೆಲಸ. ಅದು ಹತ್ತು ವರ್ಷ ನಿಲ್ಲುತ್ತದೋ ಹತ್ತು ವಾರಕ್ಕೆ ಸುಲಿಯುತ್ತದೋ ಅನ್ನುವುದು ತೊಳೆಯುವಾಗಲೇ ತೀರ್ಮಾನ ಆಗಿಬಿಡುತ್ತದೆ. ಪೇಂಟರ್‌ಗೆ ಪ್ಯಾಡ್ ಕೊಡುವವರೂ ಇದನ್ನು ಸ್ವತಃ ಮಾಡಿ ಅನ್ನುವುದು ಇದಕ್ಕೇ. ದಿನಕ್ಕೆ ನಾಲ್ಕು ಗಾಡಿ ಮುಗಿಸಬೇಕಾದವರು ಒಂದು ಪ್ಯಾಡಿನ ಮೇಲೆ ಗಂಟೆಗಟ್ಟಲೆ ಬ್ರಷ್ ಹಿಡಿದು ಕೂರುವುದಿಲ್ಲ. ಅವರ ತಪ್ಪೂ ಅಲ್ಲ.

ನಮ್ಮ ಶತ್ರು ಮಣ್ಣಲ್ಲ, ಸಿಲಿಕೋನ್. ವಾಟರ್ ಸರ್ವಿಸ್ ಮಾಡಿಸಿದಾಗ ಕೊನೆಗೆ ಡ್ಯಾಶ್‌ಬೋರ್ಡಿಗೆ, ಬಾಗಿಲಿಗೆ ಪಾಲಿಶ್ ಚಿಮುಕಿಸಿ ಫಳಫಳ ಮಾಡಿಕೊಡುತ್ತಾರಲ್ಲ, ಅದರಲ್ಲಿ ಇರುವುದು ಬಹುತೇಕ ಅದೇ. ವರ್ಷಗಳ ಪಾಲಿಶ್ ವಿನೈಲಿನ ನೆರಿಗೆಗಳಲ್ಲಿ ಕೂತಿರುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನ ಥರ ಗುಂಡಗೆ ಕುಳಿ ಬೀಳುತ್ತದೆ.

ಒಂದು ಮಗ್ಗು ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಲಿಕ್ವಿಡ್ ಹಾಕಿ ನೊರೆ ಎಬ್ಬಿಸಿ. ಪ್ಯಾಡಿಗೆ ಹಾಕಬೇಕಾದದ್ದು ನೊರೆ, ನೀರಲ್ಲ. ಹಿಂದೆ ಹಾರ್ಡ್‌ಬೋರ್ಡ್ ಇದೆ ಅನ್ನುವುದನ್ನು ಮರೆಯಬೇಡಿ, ನಲ್ಲಿ ಕೆಳಗೆ ಹಿಡಿದರೆ ಕೆಟ್ಟಿತು. ಅಂಗೈಯಗಲದ ಜಾಗ ತೆಗೆದುಕೊಂಡು ಬ್ರಷ್ಷಿನಿಂದ ದುಂಡಗೆ ಉಜ್ಜಿ. ಒತ್ತಿದ ಗೀರುಗಳಲ್ಲಿ ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆ ಉಜ್ಜಬೇಕು. ಬಿಳಿ ನೊರೆ ಮೊದಲು ಹಳದಿ ಆಗುತ್ತದೆ, ಆಮೇಲೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಹಿಂಡಿ, ಮತ್ತೆ ಅದೇ ಜಾಗ. ನೊರೆ ಬಿಳಿಯಾಗಿಯೇ ಉಳಿಯುವವರೆಗೆ ಮುಂದಿನ ಅಂಗೈಯಗಲಕ್ಕೆ ಹೋಗಬೇಡಿ. ಡ್ರೈವರ್ ಬಾಗಿಲಿನ ಮೊಣಕೈ ಊರುವ ಜಾಗಕ್ಕೆ ಉಳಿದ ಕಡೆಗಿಂತ ಎರಡು ಪಟ್ಟು ಹೊತ್ತು ಬೇಕು. ಬೆವರು, ತಲೆಗೆ ಹಚ್ಚಿದ ಎಣ್ಣೆ, ವಿಭೂತಿ, ಕುಂಕುಮ ಎಲ್ಲಾ ಅಲ್ಲೇ ಸೇರಿರುತ್ತದೆ.

ಎರಡನೇ ಸುತ್ತಿಗೆ ಬೂದು ಸ್ಕಫ್ ಪ್ಯಾಡ್. ಅದೇ ನೊರೆಯಲ್ಲಿ ಅದ್ದಿ ಹಗುರವಾಗಿ ಆಡಿಸಿ. ಮೇಲಿನ ಹೊಳಪು ಮುರಿದರೆ ಸಾಕು, ಚರ್ಮದಂಥ ನೆರಿಗೆ ಅಳಿಸಬಾರದು. ಸ್ಯಾಂಡ್‌ಪೇಪರ್ ಮುಟ್ಟಲೇಬೇಡಿ.

ಪೂರ್ತಿ ಒಣಗಿದ ಮೇಲೆ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್. ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ ತೆಗೆಯಿರಿ. ಆರಲು ಬಿಟ್ಟರೆ ಕರಗಿದ ಸಿಲಿಕೋನ್ ಅಲ್ಲೇ ಮತ್ತೆ ಕೂರುತ್ತದೆ. ಬಟ್ಟೆಯ ಮುಖ ಬದಲಾಯಿಸುತ್ತಾ ಹೋಗಿ. ಕೊನೆಗೆ ಒಂದು ಸಲ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ಅಸಿಟೋನ್ ಇವು ಯಾವುದೂ ಬೇಡ. ಅವು ವಿನೈಲಿನ ಮೇಲ್ಪದರವನ್ನು ಮೆತ್ತಗೆ ಮಾಡಿ ಕೆಡಿಸುತ್ತವೆ ಅಥವಾ ಒಣಗಿಸಿ ಗಟ್ಟಿ ಮಾಡುತ್ತವೆ.

ಸ್ವಚ್ಛ ಆಯಿತಾ ಅಂತ ತಿಳಿಯಲು ಕೈ ಒದ್ದೆ ಮಾಡಿಕೊಂಡು ಪ್ಯಾಡಿನ ಮೇಲೆ ನಾಲ್ಕು ಹನಿ ಚಿಮುಕಿಸಿ, ಬೆರಳಲ್ಲಿ ಹರಡಿ. ನೀರು ತೆಳುವಾಗಿ ಹರಡಿಕೊಂಡೇ ನಿಂತರೆ ಸರಿ. ಕಮಲದ ಎಲೆ ಮೇಲಿನ ಹನಿಯಂತೆ ಮತ್ತೆ ಗುಂಡಗಾದರೆ ಪಾಲಿಶ್ ಇನ್ನೂ ಇದೆ, ಪುನಃ ಮೊದಲಿಂದ. ಇದಾದ ಮೇಲೆ ಪ್ಯಾಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಸಾಕು. ಒಂದು ಪೂರ್ತಿ ದಿನ ನೆರಳಲ್ಲಿ ಒಣಗಲಿ.

ಮಲೆನಾಡು, ಕರಾವಳಿ ಕಡೆಯವರು ಹಾರ್ಡ್‌ಬೋರ್ಡಿನ ಹಿಂಬದಿಯನ್ನೂ ನೋಡಿ. ಬೂಷ್ಟು ಹಿಡಿದಿದ್ದರೆ ಒಣ ಬ್ರಷ್ಷಿನಲ್ಲಿ ಉದುರಿಸಿ, ಬಿಳಿ ವಿನೆಗರ್ ಒರೆಸಿ, ಚೆನ್ನಾಗಿ ಒಣಗಿಸಿ. ಹಿಂಬದಿಗೆ ಎರಡು ಕೋಟ್ ವಾರ್ನಿಷ್ ಹೊಡೆದರೆ ತೇವ ಹೀರುವುದು ಕಡಿಮೆ ಆಗುತ್ತದೆ. ಬೋರ್ಡ್ ಪೂರ್ತಿ ಡೊಂಕಾಗಿ ಪುಡಿ ಉದುರುತ್ತಿದ್ದರೆ ವಿನೈಲನ್ನು ಮೆಲ್ಲಗೆ ಬಿಡಿಸಿ, ಅದೇ ಅಳತೆಗೆ ಹೊಸ 3 ಮಿ.ಮೀ. ಹಾರ್ಡ್‌ಬೋರ್ಡ್ ಕತ್ತರಿಸಿ ಅಂಟಿಸಬೇಕು. ಹಳೇ ಬೋರ್ಡನ್ನೇ ಅಚ್ಚಾಗಿ ಇಟ್ಟುಕೊಂಡು ಗುರುತು ಹಾಕಿಕೊಳ್ಳಿ.

ಸಣ್ಣ ಸೀಳಿದ್ದರೆ ಹಿಂದಿನಿಂದ ತೆಳು ಬಟ್ಟೆಯ ತುಂಡು ತೂರಿಸಿ ವಿನೈಲ್ ಅಂಟಿನಿಂದ ಕೂರಿಸಿ, ಮೇಲೆ ಬಗ್ಗುವ ವಿನೈಲ್ ಫಿಲ್ಲರ್ ತೆಳುವಾಗಿ ಸವರಿ. ಕಾರಿನ ಹೊರಮೈಗೆ ಬಳಿಯುವ ಪುಟ್ಟಿ ಇಲ್ಲಿ ನಿಲ್ಲುವುದಿಲ್ಲ. ತುಂಬಿದ ಜಾಗ ಬಣ್ಣದ ಕೆಳಗೂ ಸ್ವಲ್ಪ ನುಣುಪಾಗಿ ಕಾಣುತ್ತದೆ. ಅಷ್ಟಿರಲಿ, ಹಳೇ ಕಾರು ಅಲ್ವಾ.

ಮೊದಲು ಅಂಚಿನ ಮಡಿಕೆಯ ಮೇಲೆ ಪರೀಕ್ಷೆ

ಪ್ಯಾಡನ್ನು ತಿರುಗಿಸಿದರೆ ವಿನೈಲಿನ ಅಂಚು ಹಾರ್ಡ್‌ಬೋರ್ಡಿನ ಹಿಂದಕ್ಕೆ ಮಡಚಿ ಅಂಟಿಸಿರುವುದು ಕಾಣುತ್ತದೆ. ಎರಡು ಬೆರಳಗಲದ ಪಟ್ಟಿ. ಅದೇ ವಿನೈಲ್, ಅದೇ ವಯಸ್ಸು, ಯಾರಿಗೂ ಕಾಣದ ಜಾಗ. ಪರೀಕ್ಷೆಗೆ ಇದಕ್ಕಿಂತ ಒಳ್ಳೇದು ಬೇಕಾ? ಅದನ್ನು ಮೇಲೆ ಹೇಳಿದ ಹಾಗೇ ತೊಳೆದು, ಬಣ್ಣ ಹೊಡೆದು, ಒಂದು ದಿನ ಬಿಡಿ. ಆಮೇಲೆ ಬ್ಲೇಡಿನಿಂದ ತೀರಾ ಹಗುರವಾಗಿ ಅಡ್ಡಡ್ಡ ಗೀರು ಎಳೆದು, ಟೇಪ್ ಒತ್ತಿ ಅಂಟಿಸಿ, ಚಕ್ಕನೆ ಕೀಳಿ. ಟೇಪಿಗೆ ಬಣ್ಣ ಬಂದರೆ ತೊಳೆದದ್ದು ಸಾಲದು ಅಥವಾ ಬಣ್ಣ ಸರಿಯಿಲ್ಲ. ಪಟ್ಟಿಯನ್ನು ಬಗ್ಗಿಸಿಯೂ ನೋಡಿ, ಬಗ್ಗಿದ ಕಡೆ ಬಿಳಿ ಗೆರೆ ಬರಬಾರದು. ಹಾಗೇ ಶೇಡ್ ಹಗಲು ಬೆಳಕಲ್ಲಿ ಸೀಟಿನ ತುಂಡಿಗೆ ಹೊಂದುತ್ತದಾ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಒಣಗಿದ ಮೇಲಿನ ಬಣ್ಣವನ್ನೇ ನೋಡಿ, ಹಸಿ ಬಣ್ಣ ಮೋಸ ಮಾಡುತ್ತದೆ.

ಬಣ್ಣ ಹೊಡೆಯುವ ದಿನ

ಮಳೆಗಾಲದಲ್ಲಿ ಈ ಕೆಲಸ ಹಚ್ಚಿಕೊಳ್ಳಬೇಡಿ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣ ಬೆಳ್ಳಗೆ ಮಂಜು ಕವಿದ ಹಾಗೆ ಆಗುತ್ತದೆ. ಬೆಂಗಳೂರು, ಮೈಸೂರು ಕಡೆ ಜನವರಿಯಿಂದ ಮಾರ್ಚ್ ಒಳ್ಳೇ ಕಾಲ. ಮಂಗಳೂರು, ಕಾರವಾರದವರು ಆ ತಿಂಗಳುಗಳಲ್ಲೂ ಒಣ ಹವೆ ಇರುವ ದಿನ ಹುಡುಕಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಉಲ್ಟಾ ತೊಂದರೆ: ಬಣ್ಣ ದಾರಿಯಲ್ಲೇ ಒಣಗಿ ಪ್ಯಾಡಿನ ಮೇಲೆ ಪುಡಿಯಾಗಿ ಬೀಳುತ್ತದೆ. ಅಲ್ಲಿ ಬೆಳಗ್ಗೆ ಬೇಗ ಮುಗಿಸಿ.

ಎಲ್ಲಾ ಊರಿಗೂ ಬೆಳಗಿನ ಹೊತ್ತೇ ವಾಸಿ. ಸಂಜೆ ದೀಪ ಹಾಕಿದರೆ ಹುಳ ಬಂದು ಹಸಿ ಬಣ್ಣಕ್ಕೆ ಅಂಟುತ್ತವೆ. ನೇರ ಬಿಸಿಲು ಬೀಳದ, ಗಾಳಿ ಆಡುವ, ಆದರೆ ಧೂಳು ಏಳದ ಜಾಗ ಇರಲಿ. ಹತ್ತಿರದಲ್ಲಿ ಗ್ಯಾಸ್ ಒಲೆ, ದೇವರ ದೀಪ, ಸಿಗರೇಟ್ ಏನೂ ಇರಬಾರದು.

ಪ್ಯಾಡನ್ನು ಸ್ವಲ್ಪ ಇಳಿಜಾರಾಗಿ ನಿಲ್ಲಿಸಿ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. 20ರಿಂದ 25 ಸೆಂ.ಮೀ. ದೂರದಿಂದ, ಪ್ಯಾಡಿನ ಹೊರಗೆ ಶುರು ಮಾಡಿ, ಹೊರಗೇ ನಿಲ್ಲಿಸಬೇಕು. ಪ್ಯಾಡಿನ ಮೇಲೆ ಇರುವಾಗ ಬೆರಳು ಒತ್ತುವುದು, ಬಿಡುವುದು ಮಾಡಿದರೆ ಅಲ್ಲೇ ಹನಿ ಬೀಳುತ್ತದೆ. ಮೊದಲು ಅಂಚುಗಳಿಗೆ, ಒತ್ತಿದ ಗೀರುಗಳಿಗೆ ಓರೆಯಾಗಿ ಎರಡೂ ಕಡೆಯಿಂದ ಹೊಡೆಯಿರಿ. ಆಮೇಲೆ ಇಡೀ ಪ್ಯಾಡಿಗೆ ತೆಳುವಾಗಿ ಒಂದು ಸುತ್ತು.

ಈ ಮೊದಲ ಸುತ್ತು ನೋಡಲು ಚೆನ್ನಾಗಿರುವುದಿಲ್ಲ. ಹಳೇ ಬಣ್ಣ ಪೂರ್ತಿ ಕಾಣುತ್ತಿರುತ್ತದೆ, ಮೇಲೆ ಹೊಸದರ ಚುಕ್ಕಿ ಚುಕ್ಕಿ. ಕೈ ತಡೆಯುವುದಿಲ್ಲ, ಇನ್ನೊಂದು ಸಲ ಎಳೆದುಬಿಡೋಣ ಅನ್ನಿಸುತ್ತದೆ. ಬೇಡ. ಈ ತೆಳು ಪದರವೇ ವಿನೈಲನ್ನು ಕಚ್ಚಿಕೊಂಡು ಮೇಲಿನ ಪದರಗಳನ್ನು ಹಿಡಿದಿಡುವುದು. 10ರಿಂದ 15 ನಿಮಿಷ ಬಿಟ್ಟು ಎರಡನೆಯದು, ಮೊದಲ ಸಲ ಅಡ್ಡಕ್ಕೆ ಹೊಡೆದಿದ್ದರೆ ಈಗ ಉದ್ದಕ್ಕೆ. ಪ್ರತಿ ಪಟ್ಟಿಯೂ ಹಿಂದಿನ ಪಟ್ಟಿಯ ಅರ್ಧದ ಮೇಲೆ ಬೀಳಲಿ. ಸಾಮಾನ್ಯವಾಗಿ ಮೂರು ನಾಲ್ಕು ಪದರಕ್ಕೆ ಬಣ್ಣ ಸಮ ಆಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಆದರೆ ವಿನೈಲಿನ ನೆರಿಗೆ ತುಂಬಿಹೋಗಿ ಪ್ಲಾಸ್ಟಿಕ್ ಬಕೆಟಿನ ಥರ ಕಾಣಲು ಶುರುವಾಗುತ್ತದೆ. ಡಬ್ಬಿಯಲ್ಲಿ ನಿರ್ದಿಷ್ಟವಾಗಿ ಬೇರೆ ಸಮಯ ಬರೆದಿದ್ದರೆ ಅದನ್ನೇ ಅನುಸರಿಸಿ.

ನಾಲ್ಕೂ ಪ್ಯಾಡುಗಳನ್ನು ಸಾಲಾಗಿ ಇಟ್ಟು, ಒಂದೊಂದು ಪದರವನ್ನೂ ನಾಲ್ಕಕ್ಕೂ ಹೊಡೆಯುತ್ತಾ ಹೋಗಿ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಶೇಡಿನಲ್ಲಿ ತುಸು ವ್ಯತ್ಯಾಸ ಬರಬಹುದು. ಎರಡು ಬಣ್ಣದ ಪ್ಯಾಡ್ ಆದರೆ ತಿಳಿ ಬಣ್ಣ ಮೊದಲು. ಒಂದು ದಿನ ಬಿಟ್ಟು ಅದರ ಮೇಲೆ ಟೇಪ್ ಹಾಕಿ, ಒತ್ತಿದ ಗೀರಿನ ನಡುವೆಯೇ ಟೇಪಿನ ಅಂಚು ಬರುವ ಹಾಗೆ ಉಗುರಿನಿಂದ ತೀಡಿ. ಗಾಢ ಬಣ್ಣದ ಕೊನೆಯ ಪದರ ಇನ್ನೂ ಮೆತ್ತಗಿರುವಾಗಲೇ ಟೇಪನ್ನು ಅದರ ಮೇಲೇ ಮಡಚಿಕೊಂಡು ನಿಧಾನಕ್ಕೆ ಎಳೆಯಿರಿ.

ಉಳಿದ ಭಾಗಗಳು

ಕಾಲ ಹತ್ತಿರದ ಕಿಕ್ ಪ್ಯಾನಲ್, ಹಿಂದಿನ ಗಾಜಿನ ಕೆಳಗಿನ ಪಾರ್ಸೆಲ್ ಶೆಲ್ಫ್, ಸನ್ ವೈಸರ್ ಇವು ವಿನೈಲ್ ಆಗಿದ್ದರೆ ಇದೇ ವಿಧಾನ. ಗಟ್ಟಿ ಪ್ಲಾಸ್ಟಿಕ್ ತುಂಡುಗಳಿಗೆ ಮಾತ್ರ ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೇಕು, ಅದಿಲ್ಲದೆ ಬಣ್ಣ ಉಗುರಿಗೇ ಕಿತ್ತು ಬರುತ್ತದೆ. ರೂಫ್ ಲೈನಿಂಗ್ ಕಾರಿನಲ್ಲೇ ಇರುವಾಗ ಹೊಡೆಯಲು ಹೋಗಬೇಡಿ, ಮುಚ್ಚಿದ ಜಾಗದಲ್ಲಿ ತಲೆ ಮೇಲೆ ಸ್ಪ್ರೇ ಮಾಡುವುದು ಅಪಾಯ.

ಸೀಟಿಗೆ ಈ ಬಣ್ಣ ನಾನು ಶಿಫಾರಸು ಮಾಡುವುದಿಲ್ಲ. ದಿನಾ ಕೂತು ಎದ್ದು ಉಜ್ಜುವ ಜಾಗ ಅದು, ಸವೆದು ತೇಪೆ ತೇಪೆಯಾಗುತ್ತದೆ. ಸೀಟಿಗೆ ಹೊಸ ರೆಕ್ಸಿನ್ನೇ ಸರಿ. ಸ್ಟಿಯರಿಂಗ್ ಚಕ್ರಕ್ಕೂ ಇದೇ ಮಾತು.

ಕೂರಿಸುವುದು, ಕಾಪಾಡುವುದು

ಅರ್ಧ ಗಂಟೆಯಲ್ಲಿ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ನಂಬಬೇಡಿ. ಒಂದು ಪೂರ್ತಿ ದಿನ ಆದ ಮೇಲೆ ಕೂರಿಸಿ. ಹಳೇ ಕ್ಲಿಪ್ಪುಗಳಲ್ಲಿ ತುಕ್ಕು ಹಿಡಿದವನ್ನು ಬದಲಾಯಿಸಿ. ಹ್ಯಾಂಡಲ್ ಬಿಲ್ಲೆಯ ಕೆಳಗೆ ತೆಳು ಪ್ಲಾಸ್ಟಿಕ್ ವಾಷರ್ ಇಟ್ಟರೆ ಪ್ರತಿ ಸಲ ಕಿಟಕಿ ಏರಿಸುವಾಗ ಬಣ್ಣ ಉಜ್ಜಿಹೋಗುವುದಿಲ್ಲ. ಮೊದಲ ಎರಡು ವಾರ ಸೋಪು, ಕ್ಲೀನರ್ ಏನೂ ಬೇಡ. ಕಾರನ್ನು ನೆರಳಲ್ಲಿ, ಕಿಟಕಿ ಒಂದು ಬೆರಳು ಇಳಿಸಿ ನಿಲ್ಲಿಸಿ, ಉಳಿದ ವಾಸನೆ ಹೊರಗೆ ಹೋಗಲಿ.

ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಜಿಡ್ಡಿದ್ದರೆ ತುಸು ಸೋಪಿನ ನೀರು. ವಾಟರ್ ಸರ್ವಿಸಿಗೆ ಬಿಡುವಾಗ "ಒಳಗೆ ಪಾಲಿಶ್ ಹಾಕಬೇಡಿ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹಾಕಿಯೇ ಹಾಕುತ್ತಾರೆ, ಮುಂದೆ ಎಲ್ಲಾದರೂ ಟಚಪ್ ಮಾಡಬೇಕಾದಾಗ ಮತ್ತೆ ಸಿಲಿಕೋನ್ ಜೊತೆ ಗುದ್ದಾಟ.

ಟಚಪ್ ಬೇಕಾಗುವುದು ಹೆಚ್ಚಾಗಿ ಮೊಣಕೈ ಊರುವ ಜಾಗಕ್ಕೆ. ಉಳಿದ ಡಬ್ಬಿಯನ್ನು ತಲೆಕೆಳಗೆ ಹಿಡಿದು, ಬರೀ ಗಾಳಿ ಬರುವವರೆಗೆ ಒತ್ತಿ, ಮೂತಿ ಒರೆಸಿ ತಂಪು ಜಾಗದಲ್ಲಿ ಇಡಿ. ಬಣ್ಣದ ಹೆಸರು, ಕೋಡ್, ಬ್ಯಾಚ್ ನಂಬರ್ ಮೂರನ್ನೂ ಡ್ರೈವರ್ ಬಾಗಿಲಿನ ಪ್ಯಾಡ್ ಕೂರಿಸುವ ಮುಂಚೆ ಅದರ ಹಿಂಬದಿಯಲ್ಲಿ ಬರೆದಿಡಿ. ಡಬ್ಬಿ ಕಳೆದುಹೋದರೂ ಅದೇ ಶೇಡ್ ಮತ್ತೆ ಮಿಕ್ಸ್ ಮಾಡಿಸಿಕೊಳ್ಳಬಹುದು.